ಊರಲ್ಲಿಲ್ಲದ ಅಧ್ಯಕ್ಷರು, ಸಹಿಯಿಲ್ಲದ ಉಪಾಧ್ಯಕ್ಷರು

ಮುಂಬಯಿಯ ಕನ್ನಡ ಸಂಘಗಳಲ್ಲಿ ಉಪಾಧ್ಯಕ್ಷ ಸ್ಥಾನ ಎಷ್ಟೋ ಸಲ ಎದುರು ಬಣವನ್ನು ಸಮಾಧಾನಪಡಿಸಲು ಕೊಟ್ಟ ಕುರ್ಚಿ. ಅಧ್ಯಕ್ಷರು ಕೆಲಸ ಹೇಳುವುದಿಲ್ಲ, ಇವರು ಕೇಳುವುದೂ ಇಲ್ಲ. ಅಧ್ಯಕ್ಷರು ಎರಡು ತಿಂಗಳು ಅಮೆರಿಕದ ಮಗಳ ಮನೆಗೆ ಹೊರಟಾಗ ಆಫೀಸಿನವರ ತಲೆನೋವು ಶುರು.

ಆಗ ಮೊದಲು ತೆರೆಯಬೇಕಾದದ್ದು ಸಂಘದ ನಿಯಮಾವಳಿ. ‘ಅಧ್ಯಕ್ಷರ ಗೈರುಹಾಜರಿಯಲ್ಲಿ ಉಪಾಧ್ಯಕ್ಷರು ಸಭೆ ನಡೆಸತಕ್ಕದ್ದು’ ಎಂದಷ್ಟೇ ಇದ್ದರೆ ಅವರಿಗೆ ಸಿಕ್ಕಿದ್ದು ಆ ದಿನದ ಸಭೆ ಮಾತ್ರ, ಚೆಕ್ಕಿನ ಸಹಿಯಲ್ಲ. ಗೈರುಹಾಜರಿ ಬೇರೆ, ಸ್ಥಾನ ತೆರವಾಗುವುದು ಬೇರೆ. ಸಂವಿಧಾನದ 65ನೇ ವಿಧಿ ಇವೆರಡನ್ನೂ ಬೇರೆಬೇರೆಯಾಗಿ ಬರೆದು, ಎರಡರಲ್ಲೂ ಉಪರಾಷ್ಟ್ರಪತಿಗೆ ಪೂರ್ತಿ ಅಧಿಕಾರ ಕೊಟ್ಟಿದೆ. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾದವರು ಆಗ ಉಪರಾಷ್ಟ್ರಪತಿಯಾಗಿದ್ದ ನಮ್ಮ ಜಮಖಂಡಿ ಸೀಮೆಯ ಬಿ.ಡಿ. ಜತ್ತಿ. ಏಪ್ರಿಲಿನಲ್ಲಿ ಒಂಬತ್ತು ವಿಧಾನಸಭೆಗಳ ವಿಸರ್ಜನೆಯ ಕಡತಕ್ಕೆ ಸಹಿ ಹಾಕುವ ಮುನ್ನ ಅವರು ಹಿಂಜರಿದರು, ಆಮೇಲೆ ಹಾಕಿದರು. ಹಂಗಾಮಿ ಎಂದು ಆ ಸಹಿಯ ತೂಕ ಕಡಿಮೆಯಿರಲಿಲ್ಲ. ಸಂಘದ ಉಪಾಧ್ಯಕ್ಷರಿಗೆ ಈ ಅನುಕೂಲ ಇಲ್ಲ, ನಿಯಮಾವಳಿಯೇ ಬಾಯಿಬಿಟ್ಟು ಹೇಳಬೇಕು.

ಹೇಳದಿದ್ದರೆ ಠರಾವು ಬೇಕು. ಅಧ್ಯಕ್ಷರು ಹೊರಡುವ ಹಿಂದಿನ ವಾರವಲ್ಲ, ತಿಂಗಳ ಮೊದಲೇ ಕಾರ್ಯಕಾರಿ ಸಮಿತಿ ಸಭೆ ಕರೆಯಿರಿ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಎಷ್ಟು ರೂಪಾಯಿಯವರೆಗೆ, ಜತೆಗೆ ಯಾರ ಸಹಿ (ಸಾಮಾನ್ಯವಾಗಿ ಕೋಶಾಧಿಕಾರಿ), ಇಷ್ಟೂ ಮಿನಿಟ್ಸ್‌ನಲ್ಲಿ ಬರಲಿ. ದೃಢೀಕರಿಸಿದ ಪ್ರತಿ, ಉಪಾಧ್ಯಕ್ಷರ ಕೆವೈಸಿ ಕಾಗದ ಬ್ಯಾಂಕಿಗೆ. ಇದನ್ನು ತಪ್ಪಿಸಲು ಖಾಲಿ ಚೆಕ್ಕುಗಳಿಗೆ ಸಹಿ ಹಾಕಿಸಿ ಕಪಾಟಿನಲ್ಲಿಡುವ ಚಾಳಿಯಿದೆ. ದಯವಿಟ್ಟು ಬೇಡ. ಹಣ ತಪ್ಪಿದರೆ ಅಧ್ಯಕ್ಷರ ಸಹಿ, ಆದರೆ ಅವರು ದೇಶದಲ್ಲೇ ಇರಲಿಲ್ಲ. ಆಡಿಟರ್‌ಗೆ ಏನು ಹೇಳುತ್ತೀರಿ?

ರಾಜೀನಾಮೆಯೋ ಸಾವೋ ಆದರೆ ಠರಾವು ಸಾಲದು. ಮಹಾರಾಷ್ಟ್ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆಯ 22ನೇ ಕಲಮಿನಂತೆ 90 ದಿನಗಳೊಳಗೆ ಚ್ಯಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ (ಪದಾಧಿಕಾರಿ ಬದಲಾದ ವರದಿ) ಹೋಗಬೇಕು. ಅದು ಕಗ್ಗಂಟಾಗುವುದು ಹೆಚ್ಚಾಗಿ ಸಣ್ಣ ಕಾಗದಗಳಿಂದ: ಬಾಯಿಮಾತಿನ ರಾಜೀನಾಮೆ, ಸಭೆಯ ನೋಟಿಸು ಎಲ್ಲ ಸದಸ್ಯರಿಗೂ ಮುಟ್ಟಿದ್ದಕ್ಕೆ ಪುರಾವೆ ಇಲ್ಲದ್ದು. ಎದುರು ಬಣದವರು ತಕರಾರು ಹಾಕುವುದೂ ಅಲ್ಲೇ. ನೋಟಿಸು ವಾಟ್ಸಾಪಿನಲ್ಲಿ ಕಳಿಸಿದರೂ ಅಂಚೆಯಲ್ಲೂ ಕಳಿಸಿ, ಅದರ ರಸೀದಿಯನ್ನು ಫೈಲಿನಲ್ಲಿಡಿ.

ಇನ್ನು ಆಮಂತ್ರಣ ಪತ್ರಿಕೆ. ಕಾಯ್ದೆಯಲ್ಲಿ ಇದರ ಸುದ್ದಿಯಿಲ್ಲ, ಯಾರ ಹೆಸರು ಎಲ್ಲಿ ಎಂಬ ಜಗಳ ಮಾತ್ರ ಇಲ್ಲೇ ಜಾಸ್ತಿ. ಅಚ್ಚಿಗೆ ಕೊಡುವ ಮುಂಚೆ ಪ್ರೂಫಿನ ಮೇಲೆ ಅಧ್ಯಕ್ಷ, ಉಪಾಧ್ಯಕ್ಷ ಇಬ್ಬರ ಸಹಿಯನ್ನೂ ಹಾಕಿಸಿಕೊಳ್ಳಿ.