ಸೋರಲೆಂದೇ ಹಾಕಿದ ಕಟ್ಟ

ಮಳೆಗಾಲ ಮುಗಿದ ಮೇಲೆ ನೆರೆಹೊರೆಯವರೆಲ್ಲ ಸೇರಿ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಅಡಿಕೆ ಮರದ ಕಾಂಡಗಳಿಂದ ಹಾಕುವ ಕಟ್ಟವನ್ನು ಪುತ್ತೂರಿನ ಕಡೆ ಚಿಕ್ಕಂದಿನಿಂದಲೂ ಕಂಡವನು ನಾನು. ಅದು ಸೋರಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಸೊಪ್ಪು, ಜೇಡಿಮಣ್ಣು ತುರುಕಿ ಸೋರಿಕೆ ನಿಲ್ಲಿಸುವುದು ಮಕ್ಕಳಾದ ನಮ್ಮ ಪಾಲಿನ ಕೆಲಸವಾಗಿತ್ತು. ಹಾಗಾಗಿ, ಆಸ್ಟ್ರೇಲಿಯದ ಒಂದು ದನದ ಫಾರ್ಮಿನಲ್ಲಿ ಸೋರಲೆಂದೇ ಕಟ್ಟಿದ ಒಡ್ಡುಗಳಿವೆ ಎಂದು ಓದಿದಾಗ ಮೊದಲಿಗೆ ನಂಬಿಕೆ ಬರಲಿಲ್ಲ.

ಆ ಫಾರ್ಮು ನ್ಯೂ ಸೌತ್ ವೇಲ್ಸ್‌ನ ಬಂಗೆಂಡೋರ್ ಊರಿನ ಸಮೀಪ, ಮುಲೂನ್ ಎಂಬ ತೊರೆಯ ದಂಡೆಯಲ್ಲಿದೆ. ಯುರೋಪಿಯನ್ನರು ಬಂದು ನೆಲೆಸುವ ಮೊದಲು ಆ ಸೀಮೆಯ ಎಷ್ಟೋ ತೊರೆಗಳು ಒಂದೇ ಧಾರೆಯಾಗಿ ಹರಿಯದೆ, ಮಡುವಿನಿಂದ ಮಡುವಿಗೆ ಜೊಂಡಿನ ನಡುವೆ ಜಿನುಗುತ್ತ ಸಾಗುತ್ತಿದ್ದವು. 19ನೆಯ ಶತಮಾನದಲ್ಲಿ ಕಾಡು ಕಡಿದು, ಜೌಗನ್ನು ಬಸಿದು, ಕುರಿ ದನಗಳನ್ನು ದಂಡೆಗೆ ಬಿಟ್ಟದ್ದರಿಂದ ಜೊಂಡು ನಾಶವಾಗಿ, ಗೊರಸಿನ ತುಳಿತಕ್ಕೆ ಸಡಿಲವಾದ ಮಣ್ಣನ್ನು ನೆರೆ ಕೊರೆದೊಯ್ದು, ತೊರೆಗಳು ಆಳದ ಕೊರಕಲುಗಳಾದವು. ಹೀಗೆ ಆಳಕ್ಕಿಳಿದ ತೊರೆ ಮಳೆನೀರನ್ನು ಬೇಗ ಹೊರಗೆ ಸಾಗಿಸುವುದಷ್ಟೇ ಅಲ್ಲ, ಎರಡೂ ಬದಿಯ ಬಯಲಿನ ಅಂತರ್ಜಲವನ್ನೂ ತನ್ನ ತಳದ ಮಟ್ಟಕ್ಕೆ ಎಳೆದುಕೊಳ್ಳುತ್ತದೆ. ಹುಲ್ಲಿನ ಬೇರಿಗೆ ನೀರು ಎಟುಕದಂತಾಗುತ್ತದೆ.

ಫಾರ್ಮಿನ ಒಡೆಯರಾಗಿದ್ದ ಟೋನಿ ಕೂಟ್ ಅವರು ಇದನ್ನು ಸರಿಪಡಿಸಲು ಪೀಟರ್ ಆಂಡ್ರ್ಯೂಸ್ ಅವರ ವಿಧಾನವನ್ನು ಆರಿಸಿಕೊಂಡರು. ಆಂಡ್ರ್ಯೂಸ್ ಎಂಜಿನಿಯರ್ ಅಲ್ಲ, ಬೈಲಾಂಗ್ ಕಣಿವೆಯಲ್ಲಿ ಕುದುರೆ ಸಾಕುತ್ತಿದ್ದವರು. ತಮ್ಮದೇ ಜಮೀನಿನಲ್ಲಿ ಪ್ರಯೋಗ ಮಾಡಿ ಕಲಿತವರು. ಕಳೆಯೆಂದು ಸರ್ಕಾರ ಕೀಳಿಸುತ್ತಿದ್ದ ವಿಲೋ ಮರಗಳನ್ನು ಅವರು ಸಮರ್ಥಿಸಿದ್ದು ದೊಡ್ಡ ಜಗಳಕ್ಕೂ ಕಾರಣವಾಗಿತ್ತು. ಆ ವಿಷಯದಲ್ಲಿ ನನಗೆ ಅವರ ಮಾತು ಪೂರ್ತಿ ಒಪ್ಪಿಗೆಯಿಲ್ಲ.

2006ರಲ್ಲಿ ಆರಂಭವಾದ ಆ ಕೆಲಸದಲ್ಲಿ ಬಂಡೆ, ಮರದ ದಿಮ್ಮಿಗಳಿಂದ ಗಿಡ್ಡ ಒಡ್ಡುಗಳನ್ನು ಸಾಲಾಗಿ ಹಾಕಲಾಯಿತು. ಇವುಗಳ ಗುರಿ ನೀರನ್ನು ಕೂಡಿಡುವುದಲ್ಲ, ಅದರ ಮಟ್ಟವನ್ನು ಮೇಲೆತ್ತಿ ವೇಗವನ್ನು ತಗ್ಗಿಸುವುದು. ನಿಧಾನವಾದ ನೀರು ಹೊತ್ತು ತಂದ ಹೂಳನ್ನು ಅಲ್ಲಿಯೇ ಬಿಡುತ್ತದೆ, ಹೂಳಿನಲ್ಲಿ ಜೊಂಡು ಬೇರೂರುತ್ತದೆ, ಜೊಂಡು ಮತ್ತಷ್ಟು ಹೂಳನ್ನು ಹಿಡಿಯುತ್ತದೆ. ನೀರು ಪಕ್ಕದ ಬಯಲಿನ ಮಣ್ಣಿಗೂ ಇಳಿದು, ಬೇಸಿಗೆಯಲ್ಲಿ ಮೆಲ್ಲಗೆ ತೊರೆಗೆ ಮರಳುತ್ತದೆ. ಕೆಳಗಿನ ಜಮೀನಿನವರ ನೀರನ್ನು ಕಸಿದಂತಾಗುವುದಿಲ್ಲವೇ ಎಂಬ ನನ್ನ ಅನುಮಾನಕ್ಕೆ ಉತ್ತರ ಸಿಕ್ಕಿದ್ದು ಇಲ್ಲಿಯೇ.

ಇದಕ್ಕಾಗಿ ದನ ಸಾಕುವುದನ್ನು ಬಿಡಬೇಕಿಲ್ಲ. ಆದರೆ ಎಳೆಯ ಜೊಂಡೆಂದರೆ ದನಗಳಿಗೆ ಹಬ್ಬ. ಆದ್ದರಿಂದ ದಂಡೆಗೆ ಬೇಲಿ ಹಾಕಿ, ಕುಡಿಯುವ ನೀರಿನ ತೊಟ್ಟಿಯನ್ನು ದೂರದಲ್ಲಿಟ್ಟು, ಗಿಡ ಬಲಿತ ಮೇಲೆ ಮಾತ್ರ ಅಲ್ಪಕಾಲ ಮೇಯಲು ಬಿಡಬೇಕಾಗುತ್ತದೆ. ಒಡ್ಡು ಕಟ್ಟುವುದಕ್ಕಿಂತ ಈ ಶಿಸ್ತೇ ಕಷ್ಟದ್ದೆಂದು ನನ್ನ ಅಂದಾಜು.

ನಮ್ಮ ತೋಡಿಗೂ ಇಂಥದನ್ನು ಹಾಕಬಹುದೇ ಎಂದು ಅಣ್ಣ ಕೇಳಿದ. ನಮ್ಮಲ್ಲಿ ವರ್ಷಕ್ಕೆ ಬೀಳುವುದು ಸುಮಾರು 4,000 ಮಿಲಿಮೀಟರ್ ಮಳೆ. ಮುಲೂನಿನ ಕಡೆ ಅದರ ಕಾಲುಭಾಗವೂ ಇಲ್ಲ. ಆಷಾಢದ ನೆರೆ ಅಂಥ ಒಡ್ಡನ್ನು ಉಳಿಸೀತೆಂದು ನನಗನ್ನಿಸುವುದಿಲ್ಲ. ಗುಡ್ಡದ ಮೇಲಣ ಸಣ್ಣ ಕಣಿಯಲ್ಲಿ ಒಂದನ್ನು ಹಾಕಿ ನೋಡೋಣವೆಂದಿದ್ದೇನೆ.