ಪೋಲ್ಜಿಗ್ ಹೆಸರು ನಿಲ್ಲದ ಕಟ್ಟಡ

ಫ್ರಾಂಕ್‌ಫರ್ಟ್‌ಗೆ ಹೋದವರು ಹೆಚ್ಚಾಗಿ ರೋಮರ್ ಚೌಕ, ಮೈನ್ ನದಿಯ ದಂಡೆ ನೋಡಿ ಮುಂದೆ ಹೋಗುತ್ತಾರೆ. ನಾನು ಹೋಲ್ಟ್ಸ್‌ಹೌಸನ್‌ಸ್ಟ್ರಾಸೆ ಸ್ಟೇಷನ್ನಿನಲ್ಲಿ ಇಳಿದು, ಗೋಥೆ ವಿಶ್ವವಿದ್ಯಾಲಯದ ವೆಸ್ಟೆಂಡ್ ಕ್ಯಾಂಪಸ್ಸಿಗೆ ನಡೆದೆ. ನನಗೆ ನೋಡಬೇಕಿದ್ದದ್ದು ವಾಸ್ತುಶಿಲ್ಪಿ ಹಾನ್ಸ್ ಪೋಲ್ಜಿಗ್ ಕಟ್ಟಿದ ಕಚೇರಿ.

ಸುಮಾರು 250 ಮೀಟರ್ ಉದ್ದದ ಕಟ್ಟಡ. ಮೈತುಂಬಾ ಹಳದಿ ಮಿಶ್ರಿತ ಕಂದು ಬಣ್ಣದ ಟ್ರಾವರ್ಟೀನ್ ಕಲ್ಲು. ಇಷ್ಟು ದೊಡ್ಡದಾದರೂ ಎದೆಯ ಮೇಲೆ ಬಂದ ಹಾಗೆ ಅನಿಸುವುದಿಲ್ಲ. ಮೆಲ್ಲಗೆ ಬಾಗಿದ ಉದ್ದ ಕಾರಿಡಾರು, ಅದಕ್ಕೆ ಬಾಚಣಿಗೆಯ ಹಲ್ಲಿನಂತೆ ಜೋಡಿಸಿದ ಆರು ಬ್ಲಾಕುಗಳು. ಹಾಗಾಗಿ ಕೋಣೆಗಳಿಗೆಲ್ಲ ಒಳ್ಳೆಯ ಗಾಳಿ, ಬೆಳಕು. ಒಳಗೆ ಪಾಟರ್‌ನಾಸ್ಟರ್ ಲಿಫ್ಟುಗಳಿವೆ. ಅವಕ್ಕೆ ಬಾಗಿಲಿಲ್ಲ, ನಿಲ್ಲುವುದೂ ಇಲ್ಲ. ಚಲಿಸುವಾಗಲೇ ಹತ್ತಬೇಕು, ಇಳಿಯಬೇಕು.

1928ರಿಂದ 1930ರ ನಡುವೆ ಇದನ್ನು ಕಟ್ಟಿಸಿದ್ದು ಐಜಿ ಫಾರ್ಬೆನ್ ಎಂಬ ರಾಸಾಯನಿಕ ಕಂಪನಿ. ಮುಂದೆ ನಾಜಿಗಳ ಆಷ್‌ವಿಟ್ಜ್ ಸೆರೆಶಿಬಿರದ ಪಕ್ಕದ ಮೊನೊವಿಟ್ಜ್‌ ಶಿಬಿರದಲ್ಲಿ ಕೈದಿಗಳನ್ನು ಸಾಯುವವರೆಗೂ ದುಡಿಸಿಕೊಂಡದ್ದು ಇದೇ ಕಂಪನಿ. ಅಲ್ಲಿ ಜನರನ್ನು ಕೊಲ್ಲಲು ಬಳಸಿದ ಝೈಕ್ಲೋನ್ ಬಿ ವಿಷ ಮಾರಿದ ಸಂಸ್ಥೆಯಲ್ಲೂ ಇದರ ಪಾಲಿತ್ತು. ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ಬಂತು. ಸೇನಾಧಿಪತಿ ಐಸೆನ್‌ಹೋವರ್ ಕಚೇರಿ ಇಲ್ಲೇ ಇತ್ತು. ಕಟ್ಟಡಕ್ಕೆ ಅಮೆರಿಕದ ಜನರಲ್ ಅಬ್ರಾಮ್ಸ್ ಹೆಸರೂ ಬಿತ್ತು. 1995ರಲ್ಲಿ ಸೇನೆ ಬಿಟ್ಟುಕೊಟ್ಟಿತು, 2001ರಲ್ಲಿ ವಿಶ್ವವಿದ್ಯಾಲಯ ಬಂತು.

ಅದಕ್ಕೂ ಮುಂಚೆ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವೆರ್ನರ್ ಮೈಸ್ನರ್ ಇದನ್ನು ವಾಸ್ತುಶಿಲ್ಪಿಯ ಹೆಸರಿನಿಂದ ಕರೆಯಲು ಹೊರಟರು. ವಿದ್ಯಾರ್ಥಿಗಳು ಒಪ್ಪಲಿಲ್ಲ. ಹೆಸರು ಬದಲಾದರೆ ಕಂಪನಿ ಮಾಡಿದ್ದು ಮರೆಯಾಗುತ್ತದೆ ಎಂದು ಗಲಾಟೆ ಮಾಡಿದರು. ಮುಂದಿನ ಅಧ್ಯಕ್ಷರು ಐಜಿ ಫಾರ್ಬೆನ್ ಎಂಬ ಹಳೆಯ ಹೆಸರನ್ನೇ ಉಳಿಸಿದರು.

ಪೋಲ್ಜಿಗ್ ಮೇಲೆ ನನಗೆ ತುಂಬಾ ಗೌರವ. ನಾಜಿಗಳ ಕಾಲದಲ್ಲಿ ಅವರೇ ಹುದ್ದೆ ಕಳೆದುಕೊಂಡವರು. 1936ರಲ್ಲಿ ತೀರಿಕೊಂಡರು, ಮೊನೊವಿಟ್ಜ್ ಆಗ ಇನ್ನೂ ಇರಲೇ ಇಲ್ಲ. ಬೇರೆ ಯಾವ ಕಟ್ಟಡವಾಗಿದ್ದರೂ ಅವರ ಹೆಸರಿಡಿ ಅಂತ ನಾನೇ ಹೇಳುತ್ತಿದ್ದೆ. ಇಲ್ಲಿ ಮಾತ್ರ ಬೇಡ. ವಿದ್ಯಾರ್ಥಿಗಳು ಹೇಳಿದ್ದೇ ಸರಿ.

ಹೊರಗೆ ಮರಗಳ ನಡುವೆ ದೊಡ್ಡ ದೊಡ್ಡ ಫೋಟೋಗಳನ್ನು ನಿಲ್ಲಿಸಿದ್ದಾರೆ. ಮೊನೊವಿಟ್ಜ್ ಕೈದಿಗಳು ಸೆರೆಯಾಗುವ ಮುಂಚಿನ ಚಿತ್ರಗಳು. ಒಂದೊಂದರ ಮುಂದೂ ನಿಂತು ನೋಡಿದೆ. ಪಕ್ಕದ ಪುಟ್ಟ ಮಂಟಪದ ಬಾಗಿಲ ಮೇಲೆ 107984 ಎಂದು ಬರೆದಿದೆ. ಅದು ಮೊನೊವಿಟ್ಜ್‌ನಿಂದ ಬದುಕಿ ಬಂದ ನಾರ್ಬರ್ಟ್ ವೋಲ್‌ಹೈಮ್ ಅವರ ಕೈದಿ ಸಂಖ್ಯೆ. ದುಡಿಸಿಕೊಂಡ ಕೂಲಿ ಕೊಡಿ ಎಂದು 1951ರಲ್ಲಿ ಅವರು ಐಜಿ ಫಾರ್ಬೆನ್ ಮೇಲೆ ಕೇಸು ಹಾಕಿದರು. 1953ರಲ್ಲಿ ಇದೇ ಊರಿನ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಕಟ್ಟಡಕ್ಕೆ ಇವತ್ತಿಗೂ ಕಂಪನಿಯ ಹೆಸರೇ ಇದೆ, ವಿಳಾಸ ಮಾತ್ರ ನಾರ್ಬರ್ಟ್ ವೋಲ್‌ಹೈಮ್ ಚೌಕ, ನಂಬರ್ 1.