ಸಿಹಿಮೊಗೆಯ ಹಾಗೇ ಒಂದು 'ಹಿಪ್' ಕಥೆ

ಮೊನ್ನೆ ತೀರ್ಥಹಳ್ಳಿ ಹತ್ತಿರ ದೊಡ್ಡಪ್ಪನ ಮನೆಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದೆವು. ಪಿಯುಸಿ ಓದುವ ತಮ್ಮ ಮಾತಿಗೊಂದು 'ಕೂಲ್' ಅಂತಿದ್ದ. ದೊಡ್ಡಮ್ಮ ಮೆಟ್ಟುಗತ್ತಿಯಿಂದ ತಲೆ ಎತ್ತದೆ, "ಅಷ್ಟು ಚಳಿ ಆದ್ರೆ ಒಲೆ ಹತ್ರ ಕೂರು ಮಾರಾಯ" ಅಂದರು.

ಈ 'ಕೂಲ್' ಅಮೆರಿಕದ ಕಪ್ಪು ಜನರ ಮಾತು, 1930-40ರ ದಶಕದ ಜಾಸ್ ಸಂಗೀತಗಾರರ ಬಾಯಿಂದ ಹರಡಿದ್ದು ಅಂದೆ. ತಮ್ಮ ಸುಮ್ನಿರ್ತಾನಾ? 'ಹಿಪ್' (ಹೊಸತೆಲ್ಲ ಗೊತ್ತಿರುವವನು), 'ಡಿಗ್' (ಅರ್ಥವಾಗು, ಮೆಚ್ಚು) ಎಲ್ಲ ಆಫ್ರಿಕಾದಿಂದಲೇ ಬಂದವು ಅಂತ ಮೊಬೈಲ್ ತೋರಿಸಿದ.

ಇಲ್ಲೇ ನನಗೆ ತಕರಾರು. ಸುಮಾರು 1970ರ ಹೊತ್ತಿಗೆ ಡೇವಿಡ್ ಡಾಲ್ಬಿ ಎಂಬ ಭಾಷಾತಜ್ಞ, ಸೆನೆಗಲ್ ಕಡೆಯ ವೊಲೊಫ್ ಭಾಷೆಯಲ್ಲಿ 'ಹಿಪಿ' ಅಂದರೆ ಕಣ್ಣು ತೆರೆಯುವುದು, 'ಹಿಪ್' ಅದರಿಂದ ಬಂತು ಅಂದ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಅಮೆರಿಕ ಗುಲಾಮರನ್ನು ಹೊರಗಿನಿಂದ ತರುವುದನ್ನು ನಿಷೇಧಿಸಿದ್ದು 1808ರಲ್ಲಿ, 'ಹಿಪ್' ಈ ಅರ್ಥದಲ್ಲಿ ಅಚ್ಚಿನಲ್ಲಿ ಕಾಣುವುದು 1900 ದಾಟಿದ ಮೇಲೆ. ನಡುವಿನ ನೂರು ವರ್ಷ ಆ ಪದ ಎಲ್ಲಿತ್ತು? ನಮ್ಮ ಶಿವಮೊಗ್ಗವೂ ಹೀಗೇ. ಶಿವನ ಮುಖ ಅಂತ ಒಬ್ಬರು, ದೂರ್ವಾಸರು ಸಿಹಿ ಸೊಪ್ಪು ಬೇಯಿಸಿದ ಮೊಗೆ ಅಂತ ಇನ್ನೊಬ್ಬರು. ನನಗೆ ಸಿಹಿಮೊಗೆಯೇ ಇಷ್ಟ, ಹಾಗಂತ ಅದೇ ನಿಜ ಅನ್ನೋಕಾಗುತ್ತಾ?

'ವೋಕ್' ಬೇರೆ ಥರ, ಅದಕ್ಕೆ ಸಾಕ್ಷಿ ಇದೆ. 1931ರಲ್ಲಿ ಅಲಬಾಮದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಸುಳ್ಳು ಅತ್ಯಾಚಾರದ ಆರೋಪ ಹೊರಿಸಿದರು. ಅವರ ಬಗ್ಗೆ ಹಾಡಿದ ಲೆಡ್ ಬೆಲಿ, 1938ರ ಧ್ವನಿಮುದ್ರಣದಲ್ಲಿ, ಆ ಕಡೆ ಹೋಗುವಾಗ 'ಸ್ಟೇ ವೋಕ್', ಅಂದರೆ ಎಚ್ಚರವಾಗಿರಿ, ಕಣ್ಣು ತೆರೆದಿರಿ ಅಂತ ಎಚ್ಚರಿಸುತ್ತಾನೆ. ಆಗ ಅದು ಜೀವ ಉಳಿಸಿಕೊಳ್ಳುವ ಮಾತು, ಈಗ ಟಿವಿ ಜಗಳದ ಬೈಗುಳ.

ಆಫ್ರಿಕಾದಿಂದ ಬಂದದ್ದು ಗಟ್ಟಿ ಅನ್ನಬಹುದಾದ ಪದ ಬೇಕಾದರೆ ಅಡುಗೆಮನೆಗೆ ಹೋಗಬೇಕು. ಶೇಂಗಾಕ್ಕೆ ಅಮೆರಿಕದ ದಕ್ಷಿಣದಲ್ಲಿ 'ಗೂಬರ್' ಅಂತಾರೆ, ಅದು ಕಾಂಗೊ ಕಡೆಯ 'ಎನ್‌ಗುಬ'. ಮಜಾ ಏನಂದ್ರೆ ಶೇಂಗಾ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ, ಆಫ್ರಿಕಾ ಸುತ್ತಿ, ಹೆಸರು ಇಟ್ಟುಕೊಂಡು, ಮತ್ತೆ ಸಮುದ್ರ ದಾಟಿತು. 'ಗಂಬೊ' ಅನ್ನೋ ಸಾರಿನ ಹೆಸರಿನ ಮೂಲದಲ್ಲಿ ಇರೋದೂ ಬೆಂಡೆಕಾಯಿಗಿದ್ದ ಆಫ್ರಿಕಾದ ಹೆಸರೇ. ಲೊರೆಂಜೊ ಟರ್ನರ್ ಎಂಬ ಕಪ್ಪು ವಿದ್ವಾಂಸ ಅಮೆರಿಕದ ಆಗ್ನೇಯ ಕರಾವಳಿಯ ಗಲ್ಲಾ ಎಂಬ ಕಪ್ಪು ಜನರ ನಡುವೆ ಓಡಾಡಿ ಇಂಥ ಸಾವಿರಾರು ಪದ ಕೂಡಿಸಿ 1949ರಲ್ಲಿ ಪುಸ್ತಕ ಮಾಡಿದ. ಅಲ್ಲಿವರೆಗೂ ಅವರದ್ದು ಕೆಟ್ಟ ಇಂಗ್ಲಿಷ್ ಅಂತಲೇ ಜಾಸ್ತಿ ಜನ ನಗುತ್ತಿದ್ದರು.

ದೊಡ್ಡಮ್ಮ ಎಲ್ಲ ಕೇಳಿ, "ಬೆಂಡೆಕಾಯಿಗೆ ಸಾರಾ? ಲೋಳೆ ಆಗೋದಿಲ್ವಾ?" ಅಂದರು. ಆಗುತ್ತೆ, ಗಂಬೊ ಮಾಡೋರಿಗೆ ಬೇಕಾಗಿದ್ದೇ ಆ ಲೋಳೆ.